ಡಿಜಿಟಲ್ ಸದ್ದನ್ನು ಶುದ್ಧಗೊಳಿಸುವ ಸಲಕರಣೆಗಳು: ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ

ಮಳೆಗಾಲದ ಒಂದು ಸಂಜೆ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಬೆರಳ ತುದಿ ಜುಮ್ಮೆಂದಿತು. ಬರಿಗಾಲು, ತೇವ ಹಿಡಿದ ಸಿಮೆಂಟಿನ ನೆಲ, ಗೋಡೆಗೆ ಸಿಕ್ಕಿಸಿದ್ದ ಎರಡು ಪಿನ್ನಿನ ಚಾರ್ಜರ್. ಸ್ಪೀಕರಿನಲ್ಲಿ ತಂದೆಯವರು ಎಂದೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ತಾಳಮದ್ದಳೆ ನಡೆಯುತ್ತಿತ್ತು. ಭಾಗವತರು ಉಸಿರೆಳೆದುಕೊಳ್ಳುವ ಎಡೆಗಳಲ್ಲೆಲ್ಲ ಹಿಂದಿನಿಂದ ಗುಂಯ್ ಎನ್ನುವ ಸದ್ದು. ಚಾರ್ಜರನ್ನು ಕಿತ್ತೆ. ಬೆರಳಿನ ಜುಮ್ಮೂ ನಿಂತಿತು, ಸ್ಪೀಕರಿನ ಗುಂಯ್ಯೂ ನಿಂತಿತು.

ಅದಕ್ಕೂ ಒಂದು ವಾರ ಮೊದಲು ಇದೇ ಗುಂಯ್ ಹೋಗಲಿ ಎಂದು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಶೋಧಕವೊಂದನ್ನು, ಅಂದರೆ ಫಿಲ್ಟರನ್ನು, ತರಿಸಿದ್ದೆ. ಹೆಬ್ಬೆರಳಿನಷ್ಟು ಉದ್ದದ ಪೆಟ್ಟಿಗೆ. ನೋಡಲು ಪೆನ್‌ಡ್ರೈವಿನ ಹಾಗೆ. ಅದನ್ನು ಹಾಕಿದರೂ ಸದ್ದು ಹಾಗೆಯೇ ಇತ್ತು. ಖರ್ಚಿಲ್ಲದೆ ಚಾರ್ಜರ್ ಕಿತ್ತದ್ದರಿಂದ ಆದ ಕೆಲಸ ಹಣ ಕೊಟ್ಟು ತಂದ ವಸ್ತುವಿನಿಂದ ಏಕೆ ಆಗಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ, ಕುಂಬಳೆಯಿಂದ ಮುಳ್ಳೇರಿಯದವರೆಗೆ, ಯಕ್ಷಗಾನದ ಹಳೆಯ ಧ್ವನಿಮುದ್ರಣಗಳನ್ನು ಮನೆಯಲ್ಲಿ ಕೂತು ಕೇಳುವವರು ಬಹಳ ಮಂದಿ ಇದ್ದಾರೆ. ಇಂಥ ಪೆಟ್ಟಿಗೆಗಳ ಬಗ್ಗೆ ಅವರಲ್ಲಿ ಅನೇಕರು ನನ್ನನ್ನು ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತಂತಿಯಲ್ಲಿ ಹೋಗುವುದು ಏನು

ಸಿ.ಡಿ. ಗುಣಮಟ್ಟದ ಸಂಗೀತ ಎಂದರೆ ಒಂದು ಸೆಕೆಂಡಿಗೆ 44,100 ಬಾರಿ ಅಳೆದ, 16 ಬಿಟ್‌ಗಳ ಸಂಖ್ಯೆಗಳ ಎರಡು ಸಾಲು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಈಗಿನ ಡ್ಯಾಕ್‌ಗಳಲ್ಲಿ, ಅಂದರೆ ಸಂಖ್ಯೆಯನ್ನು ಮತ್ತೆ ಸದ್ದಿನ ಅಲೆಯಾಗಿ ಮಾಡುವ ಪೆಟ್ಟಿಗೆಗಳಲ್ಲಿ, ಸಾಮಾನ್ಯವಾಗಿರುವ ಯುಎಸ್‌ಬಿ 2.0 ಮಾರ್ಗ ಸೆಕೆಂಡಿಗೆ 48 ಕೋಟಿ ಬಿಟ್ ಸಾಗಿಸಬಲ್ಲದು. ಹೆದ್ದಾರಿಯಲ್ಲಿ ಒಂದು ಸೈಕಲ್ ಹೋದ ಹಾಗೆ.

ಈ ಸಂಖ್ಯೆಗಳು ದಾರಿಯಲ್ಲಿ ಕೆಟ್ಟರೆ ಏನಾಗುತ್ತದೆ ಎಂಬುದು ಮುಖ್ಯ. ಚಟ್ ಎಂದು ಸದ್ದಾಗುತ್ತದೆ, ಹಾಡು ಕಡಿದುಹೋಗುತ್ತದೆ, ಅಥವಾ ಪೂರ್ತಿ ಮೌನ. ಭಾಗವತರ ಸ್ವರ ಸ್ವಲ್ಪ ಮಂಕಾಯಿತು, ಚಕ್ರತಾಳದ ಕಿಣಿಕಿಣಿಗೆ ಹೊಳಪು ಕಡಿಮೆಯಾಯಿತು ಎಂಬಂಥ ನಯವಾದ ಕೇಡು ಆಗುವುದಿಲ್ಲ. ಹಾಗೆ ಆಗಬೇಕಿದ್ದರೆ ಲಕ್ಷಾಂತರ ಸಂಖ್ಯೆಗಳು ಒಂದು ಸಂಗೀತಜ್ಞಾನದಿಂದ ಬದಲಾಗಬೇಕು; ತಂತಿಗೆ ಆ ಜ್ಞಾನವಿಲ್ಲ. ಮನೆಯಲ್ಲಿ ಎ.ವಿ. ರಿಸೀವರ್ ಇರುವವರು ಇದನ್ನು ಕಣ್ಣಾರೆ ನೋಡಬಹುದು. ಡಿಟಿಎಸ್ ಎಂಬ, ಸಿನಿಮಾಗಳಲ್ಲಿ ಬಳಸುವ ಸದ್ದಿನ ಸಂಕೇತದಲ್ಲಿರುವ ಕಡತವೊಂದನ್ನು ಡಿಜಿಟಲ್ ತಂತಿಯಲ್ಲಿ ಕಳುಹಿಸಿ. ಸಂಖ್ಯೆಗಳು ಇದ್ದ ಹಾಗೆಯೇ ತಲುಪಿದರೆ ರಿಸೀವರಿನ ಮುಖದಲ್ಲಿ ಡಿಟಿಎಸ್ ದೀಪ ಹತ್ತುತ್ತದೆ, ಹಾಡು ಕೇಳುತ್ತದೆ. ಕಂಪ್ಯೂಟರಿನಲ್ಲಿ ವಾಲ್ಯೂಮನ್ನು ಒಂದು ಚೂರು ಇಳಿಸಿ ನೋಡಿ: ಸಂಖ್ಯೆಗಳು ಬದಲಾಗುತ್ತವೆ, ದೀಪ ಆರುತ್ತದೆ, ಬರೀ ಕರಕರ ಸದ್ದು ಬರುತ್ತದೆ. ಕೆಲವು ನೂರು ರೂಪಾಯಿಯ ತಂತಿಯಲ್ಲಿ ಆ ದೀಪ ಹತ್ತಿತೆಂದರೆ ಸಂಖ್ಯೆಗಳ ಮಟ್ಟಿಗೆ ಶುದ್ಧಗೊಳಿಸಲು ಏನೂ ಉಳಿದಿಲ್ಲ.

ಇನ್ನೊಂದು ವಿಷಯ ಕಾಲದ್ದು. ಸಂಖ್ಯೆಗಳು ಸರಿಯಿದ್ದರೂ ಅವುಗಳನ್ನು ಸದ್ದಾಗಿಸುವ ಗಳಿಗೆ ಹಿಂದೆಮುಂದೆ ಆಗಬಹುದು. ಇದನ್ನೇ ಜಿಟರ್ ಎನ್ನುತ್ತಾರೆ; ಮಾರಾಟದವರು ಹೆಚ್ಚಾಗಿ ಹೆದರಿಸುವುದು ಈ ಪದದಿಂದ. ಯಕ್ಷಗಾನ ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಪದ್ಯದ ಅಕ್ಷರ ಬೇರೆ, ತಾಳ ಬೇರೆ. ಹಳೆಯ ಯುಎಸ್‌ಬಿ ಡ್ಯಾಕ್‌ಗಳಲ್ಲಿ ತಾಳ ಕಂಪ್ಯೂಟರಿನ ಕೈಯಲ್ಲಿತ್ತು, ಡ್ಯಾಕ್ ಅದನ್ನು ಅನುಸರಿಸಬೇಕಿತ್ತು. ಈಗ ಬರುವ ಬಹುತೇಕ ಡ್ಯಾಕ್‌ಗಳು ಅಸಿಂಕ್ರೊನಸ್ ಬಗೆಯವು. ಇವುಗಳಲ್ಲಿ ತಾಳ ಹಿಡಿಯುವುದು ಡ್ಯಾಕಿನ ಒಳಗಿರುವ ಸ್ಫಟಿಕ ಗಡಿಯಾರ. ಕಂಪ್ಯೂಟರಿನ ಕೆಲಸ ಅದು ಕೇಳಿದಾಗ ಅಕ್ಷರಗಳನ್ನು ಒದಗಿಸುವುದು ಮಾತ್ರ. ಅಕ್ಷರಗಳು ಬಂದು ಒಂದು ಕಡೆ ಕಾದು ಕುಳಿತಿರುತ್ತವೆ, ತಾಳ ಬಿದ್ದಾಗ ಹೊರಡುತ್ತವೆ. ಹಾಗಿರುವಾಗ ತಂತಿಯ ಮಧ್ಯದಲ್ಲಿ ಇನ್ನೊಬ್ಬನನ್ನು ತಾಳ ಹಾಕಲು ಕೂರಿಸಿ ಪ್ರಯೋಜನವೇನು?

ಕಿವಿಗೆ ಎಷ್ಟು ಜಿಟರ್ ಗೊತ್ತಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. 2005ರಲ್ಲಿ ಜಪಾನಿನ ಸಂಶೋಧಕರು ಸಂಗೀತದ ಮೇಲೆಯೇ ನಡೆಸಿದ ಪರೀಕ್ಷೆಯಲ್ಲಿ, ಅಡ್ಡಾದಿಡ್ಡಿ ಜಿಟರ್ ನೂರಾರು ನ್ಯಾನೊಸೆಕೆಂಡ್ ಮಟ್ಟಕ್ಕೆ ಏರುವವರೆಗೆ ಕೇಳುಗರು ಅದನ್ನು ಗುರುತಿಸಲಾಗಲಿಲ್ಲ. ಒಳ್ಳೆಯ ಡ್ಯಾಕ್‌ಗಳಲ್ಲಿ ಇರುವುದು ಒಂದು ನ್ಯಾನೊಸೆಕೆಂಡಿಗಿಂತಲೂ ಕಡಿಮೆ.

ಹಾಗಾದರೆ ಕೊಳೆ ಎಲ್ಲಿಂದ ಬಂತು

ಸಂಖ್ಯೆಗಳ ಜೊತೆ ಬರುವುದು ಕರೆಂಟು. ಯುಎಸ್‌ಬಿ ತಂತಿಯಲ್ಲಿ ದತ್ತಾಂಶದ ಎರಡು ಎಳೆಗಳ ಜೊತೆ 5 ವೋಲ್ಟಿನ ಒಂದು ಎಳೆ, ನೆಲದ (ಗ್ರೌಂಡಿನ) ಒಂದು ಎಳೆ ಇರುತ್ತವೆ. ಕಂಪ್ಯೂಟರಿನ ನೆಲ, ಡ್ಯಾಕಿನ ನೆಲ, ಆಂಪ್ಲಿಫೈಯರಿನ ನೆಲ ಎಲ್ಲವೂ ತಂತಿಗಳ ಮೂಲಕ ಒಂದಾಗುತ್ತವೆ. ಆಂಪ್ಲಿಫೈಯರ್ ಒಂದು ಪ್ಲಗ್ಗಿನಿಂದ, ಲ್ಯಾಪ್‌ಟಾಪ್ ಇನ್ನೊಂದರಿಂದ ಅರ್ತ್ ಪಡೆದರೆ ಆ ಎರಡು ಅರ್ತ್‌ಗಳ ನಡುವಿನ ಸಣ್ಣ ವ್ಯತ್ಯಾಸವೇ ಡ್ಯಾಕಿನಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯ ಹೊರಕವಚದಲ್ಲಿ ಹರಿಯುತ್ತದೆ, ಸಂಗೀತದ ಜೊತೆ ಸೇರಿಕೊಳ್ಳುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಆದ್ದರಿಂದ ಆ ಗುಂಯ್ 50, 100, 150 ಹರ್ಟ್ಸ್‌ಗಳಲ್ಲಿ ಕೇಳುತ್ತದೆ. ಎರಡು ಪಿನ್ನಿನ ಚಾರ್ಜರಿನಲ್ಲಿ ಅರ್ತೇ ಇಲ್ಲ. ಅದರ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಬಹಳ ಸಣ್ಣ ಪ್ರಮಾಣದ ವಿದ್ಯುತ್ತು ಲ್ಯಾಪ್‌ಟಾಪಿನ ಮೈಗೆ ಸೋರುತ್ತದೆ. ನನ್ನ ಬೆರಳು ಜುಮ್ಮೆಂದದ್ದು ಅದರಿಂದ. ಅದೇ ಸೋರಿಕೆ ಯುಎಸ್‌ಬಿ ತಂತಿ ಹಿಡಿದು ಆಂಪ್ಲಿಫೈಯರಿನ ಕಡೆಗೂ ಹರಿಯುತ್ತಿತ್ತು.

ಇನ್ನೊಂದು ಬಗೆಯ ಕೊಳೆ ಕೀಚಲು ದನಿಯದು. ಮೌಸ್ ಅಲುಗಿಸಿದಾಗ, ಪರದೆಯ ಮೇಲೆ ಪುಟ ಸರಿಸಿದಾಗ ಸ್ಪೀಕರಿನಲ್ಲಿ ಕಿರ್ರೆನ್ನುತ್ತದೆ. ಯುಎಸ್‌ಬಿ ದತ್ತಾಂಶವನ್ನು ಕಂತು ಕಂತಾಗಿ ಕಳುಹಿಸುತ್ತದೆ. ಕಡಿಮೆ ವೇಗದಲ್ಲಿ ಸೆಕೆಂಡಿಗೆ 1,000 ಕಂತು, ಹೆಚ್ಚಿನ ವೇಗದಲ್ಲಿ 8,000. ಡ್ಯಾಕ್ ಸರಿಯಾಗಿ ಕಟ್ಟಿದ್ದಲ್ಲದಿದ್ದರೆ ಈ ಕಂತುಗಳ ಹೆಜ್ಜೆಸಪ್ಪಳ ಅದೇ ಎತ್ತರದ ಸ್ವರವಾಗಿ ಸದ್ದಿನೊಳಗೆ ನುಸುಳುತ್ತದೆ.

ಈ ಎರಡೂ ನಿಜವಾದ ತೊಂದರೆಗಳು; ಕಿವಿಗೆ ಕೇಳುತ್ತವೆ, ಯಂತ್ರದಲ್ಲೂ ಕಾಣುತ್ತವೆ. ಇವು ಇದ್ದರೆ ಪರಿಹಾರಕ್ಕೆ ಹಣ ಕೊಡುವುದು ನ್ಯಾಯ. ಪರೀಕ್ಷೆ ಸುಲಭ. ಹಾಡು ನಿಲ್ಲಿಸಿ, ಆಂಪ್ಲಿಫೈಯರನ್ನು ನೀವು ಸಾಮಾನ್ಯವಾಗಿ ಕೇಳುವ ಮಟ್ಟದಲ್ಲೇ ಬಿಟ್ಟು ಸ್ಪೀಕರಿಗೆ ಒಂದು ಗೇಣು ದೂರದಲ್ಲಿ ಕಿವಿ ಇಡಿ. ಸಣ್ಣ ಸುಯ್ ಬಿಟ್ಟರೆ ಏನೂ ಕೇಳದಿದ್ದರೆ ನಿಮ್ಮ ಮನೆಯಲ್ಲಿ ಶುದ್ಧಗೊಳಿಸಬೇಕಾದ ಕೊಳೆಯೇ ಇಲ್ಲ. ಗುಂಯ್ ಅಥವಾ ಕಿರ್ರ್ ಕೇಳಿದರೆ ಯುಎಸ್‌ಬಿ ತಂತಿಯನ್ನು ಕೀಳಿ. ನಿಂತಿತೇ? ಮುಂದಿನ ಭಾಗ ನಿಮಗಾಗಿ. ನಿಲ್ಲಲಿಲ್ಲವೇ? ತೊಂದರೆ ಆಂಪ್ಲಿಫೈಯರಿನ ಕಡೆಯದು, ಇಲ್ಲವೇ ಡ್ಯಾಕಿನ ಅಡಾಪ್ಟರಿನದು. ಡಿಜಿಟಲ್ ಸಲಕರಣೆ ಯಾವುದೂ ಅದನ್ನು ಮುಟ್ಟುವುದಿಲ್ಲ.

ಸಲಕರಣೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ

ಯುಎಸ್‌ಬಿ ಶೋಧಕ. ಅಂಗಡಿಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ಇದೇ; ಆಡಿಯೋಕ್ವೆಸ್ಟಿನ ಜಿಟರ್‌ಬಗ್, ಐಫೈಯ ಐಪ್ಯೂರಿಫೈಯರ್ ಮುಂತಾದವನ್ನು ನೀವು ಕೇಳಿರಬಹುದು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಳಗಿನ ಕಟ್ಟು ಬೇರೆ. ಸಾದಾ ಬಗೆಯದರಲ್ಲಿ 5 ವೋಲ್ಟಿನ ಎಳೆಯ ಮೇಲೆ ಒಂದಿಷ್ಟು ಕಾಯಿಲ್, ಕೆಪಾಸಿಟರ್. ಇದು ಎತ್ತರದ ಆವರ್ತನದ ಗದ್ದಲವನ್ನು ಆ ಎಳೆಯಲ್ಲಿ ತಗ್ಗಿಸುತ್ತದೆ ಎಂಬುದು ನಿಜ. ಆದರೆ ಸರಿಯಾಗಿ ಕಟ್ಟಿದ ಯಾವ ಡ್ಯಾಕೇ ಆದರೂ ಬಂದ 5 ವೋಲ್ಟನ್ನು ತನ್ನ ಒಳಗೆ ಮತ್ತೆ ಸೋಸಿಯೇ ಬಳಸುತ್ತದೆ. ಸೋಸಿದ ನೀರನ್ನು ಇನ್ನೊಮ್ಮೆ ಸೋಸಿದ ಹಾಗಾಯಿತು. ನನ್ನ ಗುಂಯ್ ಏಕೆ ಹೋಗಲಿಲ್ಲ ಎಂಬುದಕ್ಕೂ ಉತ್ತರ ಇಲ್ಲಿದೆ: ನಾನು ತಂದ ಸಾದಾ ಶೋಧಕ ನೆಲದ ಎಳೆಯನ್ನು ಕಡಿಯುವುದಿಲ್ಲ. ಅದು ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗುತ್ತದೆ, ಸೋರಿಕೆಯೂ ಅದರ ಜೊತೆ ಹೋಗುತ್ತದೆ. ಡ್ಯಾಕಿನ ಹೊರದಾರಿಯಲ್ಲಿ ಯಂತ್ರವಿಟ್ಟು ಅಳೆಯುವವರು ಇಂಥ ಶೋಧಕಗಳಿಂದ ಒಳ್ಳೆಯ ಡ್ಯಾಕ್‌ಗಳಲ್ಲಿ ಕಿವಿಗೆ ಕೇಳುವಂಥ ಬದಲಾವಣೆ ಕಾಣಲಿಲ್ಲ ಎಂದು ಮತ್ತೆ ಮತ್ತೆ ತೋರಿಸಿದ್ದಾರೆ. ನಾನಾಗಿ ಯಾರಿಗೂ ಇದನ್ನು ಕೊಳ್ಳಿರಿ ಎನ್ನಲಾರೆ.

ಯುಎಸ್‌ಬಿ ಐಸೊಲೇಟರ್. ಇದರ ಕೆಲಸವೇ ಬೇರೆ. ಎರಡು ಬದಿಗಳ ನಡುವೆ ಲೋಹದ ಸಂಪರ್ಕವನ್ನೇ ಕಡಿದು, ದತ್ತಾಂಶವನ್ನು ಚಿಪ್ಪಿನೊಳಗಿನ ಅತಿಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ದಾಟಿಸುತ್ತದೆ. ನೆಲದ ಎಳೆ ಕಡಿದ ಮೇಲೆ ಸೋರಿಕೆಗೆ ದಾರಿಯಿಲ್ಲ. ನನ್ನ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿಕೊಂಡೇ ಗುಂಯ್ ಅಡಗಿದ್ದು ಇದರಿಂದ. ಎರಡು ಎಚ್ಚರಿಕೆ ಬೇಕು. ಅಗ್ಗದ ಹಲಗೆಗಳಲ್ಲಿರುವ ಎಡಿಯುಎಂ 3160, 4160 ಚಿಪ್‌ಗಳು ಸೆಕೆಂಡಿಗೆ 1.2 ಕೋಟಿ ಬಿಟ್ ವೇಗಕ್ಕೆ ಸೀಮಿತ. ಸಿ.ಡಿ. ಗುಣಮಟ್ಟಕ್ಕೆ, 24 ಬಿಟ್ 96 ಕಿಲೊಹರ್ಟ್ಸ್‌ವರೆಗೂ ಅಷ್ಟು ಸಾಕು. ಆದರೆ ಹೆಚ್ಚಿನ ವೇಗವನ್ನೇ ಬೇಡುವ ಕೆಲವು ಡ್ಯಾಕ್‌ಗಳು ಇದರ ಮೂಲಕ ಎಚ್ಚರಗೊಳ್ಳುವುದೇ ಇಲ್ಲ. ಹೆಚ್ಚಿನ ವೇಗದವೂ ಸಿಗುತ್ತವೆ, ಬೆಲೆ ಹಲವು ಪಟ್ಟು. ಎರಡನೆಯದು ವಿದ್ಯುತ್ತು. ಐಸೊಲೇಟರ್ ಆ ಬದಿಗೆ ಕೊಡಬಲ್ಲ ಕರೆಂಟು ಕಡಿಮೆ, ಯುಎಸ್‌ಬಿಯಿಂದಲೇ ಉಣ್ಣುವ ದೊಡ್ಡ ಹೊಟ್ಟೆಯ ಡ್ಯಾಕಿಗೆ ಸಾಲದೆ ಹೋಗಬಹುದು. ತನ್ನದೇ ಅಡಾಪ್ಟರ್ ಇರುವ ಡ್ಯಾಕಿಗೆ ಈ ಚಿಂತೆ ಇಲ್ಲ. ಕೊಳ್ಳುವ ಮೊದಲು ಹಿಂತಿರುಗಿಸುವ ಅವಕಾಶ ಇದೆಯೇ ಎಂದು ನೋಡಿಕೊಳ್ಳಿ.

ಆಪ್ಟಿಕಲ್ ತಂತಿ. ಈ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು, ಬೆಲೆಯೂ ಕೆಲವು ನೂರು ರೂಪಾಯಿ. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ಇಂದಿಗೂ ಎಷ್ಟೋ ಟಿ.ವಿ.ಗಳ ಬೆನ್ನಿನಲ್ಲಿ, ಡ್ಯಾಕ್‌ಗಳಲ್ಲಿ, ಆಂಪ್ಲಿಫೈಯರ್‌ಗಳಲ್ಲಿ ಇದೆ. ಪ್ಲಾಸ್ಟಿಕ್ ಎಳೆಯೊಳಗೆ ಕೆಂಪು ಬೆಳಕು ಹೋಗುತ್ತದೆ. ಬೆಳಕಿನ ಜೊತೆ ಕರೆಂಟು ಸೋರಲು ಸಾಧ್ಯವೇ ಇಲ್ಲ. ಐಸೊಲೇಟರ್ ಮಾಡುವ ಕೆಲಸವನ್ನು ಇದು ತನ್ನ ಸ್ವಭಾವದಿಂದಲೇ ಮಾಡುತ್ತದೆ. ಡಿಶ್ ಟಿ.ವಿ.ಯ ತಂತಿ ಮಾಡಿನ ಮೇಲಿನ ಲೋಹದ ತಟ್ಟೆಯಿಂದ ಇಳಿದು ಬರುವ ಮನೆಗಳಲ್ಲಿ ಟಿ.ವಿ.ಯಿಂದ ಆಂಪ್ಲಿಫೈಯರಿಗೆ ಸಾದಾ ತಂತಿ ಹಾಕಿದೊಡನೆ ಗುಂಯ್ ಶುರುವಾಗುವುದುಂಟು. ಅಲ್ಲಿ ಆಪ್ಟಿಕಲ್‌ಗೆ ಬದಲಾಯಿಸಿ, ಬೇರೆ ಯೋಚನೆಯೇ ಬೇಡ. ತೀರ ಕಡಿದಾಗಿ ಬಗ್ಗಿಸಬಾರದು, ತುದಿಯ ಸಣ್ಣ ಟೊಪ್ಪಿಯನ್ನು ತೆಗೆಯಲು ಮರೆಯಬಾರದು, 96 ಕಿಲೊಹರ್ಟ್ಸ್ ಮೀರಿದರೆ ಎಲ್ಲ ಉಪಕರಣಗಳೂ ಒಪ್ಪುವುದಿಲ್ಲ. ಲ್ಯಾಪ್‌ಟಾಪಿಗೆ ಈ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಯನ್ನು ಆಪ್ಟಿಕಲ್ ಮಾಡುವ ಪುಟ್ಟ ಪರಿವರ್ತಕ ಸಿಗುತ್ತದೆ.

ರೀಕ್ಲಾಕರ್, ರೀಜನರೇಟರ್. ಸಿಗ್ನಲ್ಲನ್ನು ಹೊಸದಾಗಿ ಕೆತ್ತಿ, ಹೊಸ ಗಡಿಯಾರದಲ್ಲಿ ಕಳುಹಿಸುವ ಪೆಟ್ಟಿಗೆಗಳು ಇವು. ಹತ್ತಿಪ್ಪತ್ತು ಸಾವಿರ ದಾಟುವುದು ಸುಲಭ. ಅಸಿಂಕ್ರೊನಸ್ ಯುಎಸ್‌ಬಿ ಡ್ಯಾಕಿಗೆ ಇವುಗಳ ಅಗತ್ಯ ಏಕಿಲ್ಲ ಎಂದು ತಾಳದ ಮಾತಿನಲ್ಲಿ ಆಗಲೇ ಹೇಳಿದೆ. ಒಂದು ಕಡೆ ಮಾತ್ರ ಒಂದಿಷ್ಟು ಅರ್ಥವಿದೆ. ಕೊಯಾಕ್ಸಿಯಲ್ (ತಾಮ್ರದ ಡಿಜಿಟಲ್ ತಂತಿಯ) ಅಥವಾ ಆಪ್ಟಿಕಲ್ ಕಿಂಡಿಯಲ್ಲಿ ತಾಳವೂ ಅಕ್ಷರವೂ ಒಂದೇ ಎಳೆಯಲ್ಲಿ ಬರುತ್ತವೆ, ಡ್ಯಾಕ್ ಅದರಿಂದ ತಾಳವನ್ನು ಹೆಕ್ಕಿಕೊಳ್ಳಬೇಕು. ಇಪ್ಪತ್ತು ಮೂವತ್ತು ವರ್ಷ ಹಳೆಯ, ಈ ಹೆಕ್ಕುವ ಕೆಲಸದಲ್ಲಿ ಬಡವಾದ ಡ್ಯಾಕ್ ಇದ್ದವರಿಗೆ ಯಂತ್ರದಲ್ಲಿ ಕಾಣುವಷ್ಟು ಸುಧಾರಣೆ ಆಗಬಹುದು. ಆದರೆ ಅದೇ ಹಣದಲ್ಲಿ, ಹೆಚ್ಚಾಗಿ ಅದರ ಅರ್ಧದಲ್ಲಿ, ಆ ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಮೇಲಾದ ಹೊಸ ಡ್ಯಾಕ್ ಬರುತ್ತದೆ. ಹಾಗಿರುವಾಗ ಹಳೆಯದಕ್ಕೆ ಊರುಗೋಲು ಏಕೆ?

ನೆಟ್‌ವರ್ಕ್ ಶೋಧಕ, ‘ಸಂಗೀತಕ್ಕೆಂದೇ’ ಮಾಡಿದ ಸ್ವಿಚ್ (ಇಂಟರ್ನೆಟ್ ತಂತಿಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆ). ಇವುಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಈಥರ್ನೆಟ್ ಕಿಂಡಿಯಲ್ಲಿ ಹುಟ್ಟಿನಿಂದಲೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. 1,500 ವೋಲ್ಟ್ ತಡೆಯಬೇಕೆಂಬುದು ಅದರ ಮಾನದಂಡ. ದತ್ತಾಂಶ ಕಟ್ಟು ಕಟ್ಟಾಗಿ ಬರುತ್ತದೆ, ಪ್ರತಿ ಕಟ್ಟಿಗೂ ತಾಳೆ ಲೆಕ್ಕ ಇರುತ್ತದೆ, ಸಂಗೀತ ತಾಣಗಳಿಂದ ಬರುವ ಕಟ್ಟು ಕೆಟ್ಟಿದ್ದರೆ ಮತ್ತೊಮ್ಮೆ ತರಿಸಿಕೊಳ್ಳಲಾಗುತ್ತದೆ. ಹಾಡು ನಡೆಯುತ್ತಿರುವಾಗಲೇ ಈಥರ್ನೆಟ್ ತಂತಿಯನ್ನು ಕಿತ್ತು ನೋಡಿ. ಹೆಚ್ಚಿನ ಪ್ಲೇಯರ್‌ಗಳಲ್ಲಿ ಹಲವು ಸೆಕೆಂಡು, ಕೆಲವೊಮ್ಮೆ ಇಡೀ ಹಾಡು, ಮುಂದುವರಿಯುತ್ತದೆ. ತಂತಿಯೇ ಇಲ್ಲದಾಗ ಕೇಳುವ ಸದ್ದು ತಂತಿ ಇದ್ದಾಗಿನದಕ್ಕಿಂತ ಬೇರೆಯಾಗಿದೆಯೇ? ಇಷ್ಟು ಪ್ರಯೋಗಕ್ಕೆ ಒಂದು ರೂಪಾಯಿಯೂ ಬೇಡ. ಮಾಮೂಲಿ ಸ್ವಿಚ್, ಹೊರಕವಚವಿಲ್ಲದ ಮಾಮೂಲಿ ತಂತಿ ಸಾಕು. ಲೋಹದ ಕವಚವಿರುವ ದುಬಾರಿ ತಂತಿ ಹಾಕಿದರೆ ಆ ಕವಚವೇ ಎರಡು ಉಪಕರಣಗಳ ನೆಲವನ್ನು ಜೋಡಿಸಿ, ಇಲ್ಲದ ಗುಂಯ್ ತರಬಹುದು.

ಆದರೆ ನಮ್ಮೂರಿನಲ್ಲಿ ಗಾಜಿನ ಎಳೆಗೆ, ಅಂದರೆ ಫೈಬರಿಗೆ, ಬೇರೆ ಬೆಲೆಯಿದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ತುಲಾ ಮಾಸದಲ್ಲಿ ಕಾಸರಗೋಡಿನ ಸಿಡಿಲು ಎಂಥದ್ದೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಮನೆಯಿಂದ ಅಡಿಕೆ ಒಣಗಿಸುವ ಅಂಗಳದಾಚೆಯ ಕೊಠಡಿಗೆ ಉದ್ದದ ತಾಮ್ರದ ಈಥರ್ನೆಟ್ ತಂತಿ ಎಳೆದಿದ್ದರೆ ಸಿಡಿಲಿನ ಹೊಡೆತಕ್ಕೆ ಅದು ತೆರೆದ ಬಾಗಿಲು. ಅಲ್ಲಿ ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಾಗಿಸಿ ಮತ್ತೆ ಹಿಂದಕ್ಕೆ ಬದಲಿಸುವ ಪೆಟ್ಟಿಗೆ), ನಡುವೆ ಫೈಬರ್ ಹಾಕಿ. ಸದ್ದು ಬದಲಾಗುವುದಿಲ್ಲ, ಉಪಕರಣ ಉಳಿಯುತ್ತದೆ. ಆದರೂ ಗುಡುಗು ಕೇಳುವ ಮೊದಲೇ ಕರೆಂಟಿನ ಪ್ಲಗ್ ಕಿತ್ತಿಡುವ ಅಭ್ಯಾಸ ಬಿಡಬೇಡಿ.

ಡ್ಯಾಕಿಗೆ ಲೀನಿಯರ್ ಪವರ್ ಸಪ್ಲೈ (ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬಗೆಯ ಅಡಾಪ್ಟರ್). ಡ್ಯಾಕಿನ ಜೊತೆ ಬಂದ ಅಡಾಪ್ಟರ್ ಕೆಟ್ಟದ್ದಾಗಿದ್ದು, ಅದನ್ನು ಬದಲಿಸಿದಾಗ ಗುಂಯ್ ನಿಲ್ಲುತ್ತದೆ ಎಂದಾದರೆ ಮಾತ್ರ. ಪರೀಕ್ಷೆಗೆ ಮೊಬೈಲಿನ ಪವರ್ ಬ್ಯಾಂಕ್ ಸಾಕು, ಡ್ಯಾಕ್ 5 ವೋಲ್ಟಿನದಾಗಿದ್ದರೆ.

ಆಂಪ್ಲಿಫೈಯರಿನ ಮುಂದೆ ಹಾಕುವ ಸಣ್ಣ ಗ್ರೌಂಡ್ ಲೂಪ್ ಐಸೊಲೇಟರ್ ಬಗ್ಗೆಯೂ ಹೇಳಬೇಕು. ಅದು ಡಿಜಿಟಲ್ ವಸ್ತುವಲ್ಲ, ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಅಷ್ಟೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನೆಲದ ಎಳೆಯಿಂದ ಬಂದ ಗುಂಯ್ಯನ್ನು ಕೊಲ್ಲುತ್ತದೆ. ಆದರೆ ಅಗ್ಗದ ಟ್ರಾನ್ಸ್‌ಫಾರ್ಮರಿಗೆ ಕೆಳಗಿನ ಸ್ವರಗಳನ್ನು ಜೋರಾಗಿ ದಾಟಿಸುವ ಶಕ್ತಿಯಿಲ್ಲ. ಮದ್ದಳೆಯ ತುಂಬು ನಾದ ಸೊರಗುತ್ತದೆ. ಮಾತುಗಾರಿಕೆ ಕೇಳಲು ಅಡ್ಡಿಯಿಲ್ಲ, ಹಿಮ್ಮೇಳ ಕೇಳಲು ನನಗೆ ಹಿಡಿಸಲಿಲ್ಲ.

ನನ್ನ ಭಾವನ ಜೊತೆ ಮಾಡಿದ ಪರೀಕ್ಷೆ

ಪೆರ್ಲದ ಕಡೆ ಇರುವ ನನ್ನ ಭಾವನ ಬಳಿಯೂ ನನ್ನಲ್ಲಿರುವಂಥದ್ದೇ ಶೋಧಕ ಇದೆ. ಅವರ ಮನೆಯಲ್ಲಿ ಗುಂಯ್ ಇರಲಿಲ್ಲ, ಆದರೂ ಶೋಧಕ ಹಾಕಿದ ಮೇಲೆ ಸದ್ದು ತೆರೆದುಕೊಂಡಿದೆ ಎಂದು ಅವರಿಗೆ ದೃಢ ನಂಬಿಕೆ. “ಭಾವಾ, ನೀವೇ ಕೇಳಿ, ಚೆಂಡೆಯ ಉರುಳಿಕೆ ಈಗ ಬಿಡಿ ಬಿಡಿಯಾಗಿ ಕೇಳುವುದಿಲ್ಲವೇ?” ಎಂದರು. ಕೇಳಿದೆ. ನಿಜ ಹೇಳಬೇಕೆಂದರೆ, ಅವರು ಹಾಗೆ ಹೇಳಿದ ಮೇಲೆ ನನಗೂ ಹಾಗೆಯೇ ಕೇಳಿಸಿತು. ಕಿವಿ ಒಂಟಿಯಾಗಿ ಕೇಳುವುದಿಲ್ಲ, ಮನಸ್ಸು ಮೊದಲೇ ಹೋಗಿ ಬಾಗಿಲು ತೆರೆದಿರುತ್ತದೆ.

ಆದ್ದರಿಂದ ಹತ್ತು ಸುತ್ತು ಪರೀಕ್ಷೆ ಮಾಡಿದೆವು. ಅವರು ಬೆನ್ನು ತಿರುಗಿಸಿ ಚಾವಡಿಯ ಕುರ್ಚಿಯಲ್ಲಿ ಕುಳಿತರು. ನಾನು ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಶೋಧಕ ಹಾಕಿ, ಬಾಲ ಬಿದ್ದರೆ ತೆಗೆದು, ಅದೇ ಪದ್ಯದ ಅದೇ ಅರ್ಧ ನಿಮಿಷ ನುಡಿಸಿದೆ. ಹಾಕುವಾಗಲೂ ತೆಗೆಯುವಾಗಲೂ ಸಮಾನ ಹೊತ್ತು, ಸಮಾನ ಸದ್ದು ಆಗುವಂತೆ ನೋಡಿಕೊಂಡೆ. ಹತ್ತರಲ್ಲಿ ಆರು ಸರಿಯಾಯಿತು. ಸುಮ್ಮನೆ ಊಹಿಸಿದರೂ ನೂರಕ್ಕೆ ಮೂವತ್ತೆಂಟು ಸಲ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುತ್ತದೆ. ಹತ್ತಕ್ಕೆ ಒಂಬತ್ತು ಬಂದಿದ್ದರೆ ಮಾತು ಬೇರೆ. ಊಹೆಯಿಂದ ಅಷ್ಟು ಬರುವುದು ನೂರರಲ್ಲಿ ಒಂದು ಸಲ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾತ್ರ ಬದಲಿಸಿ ನನ್ನನ್ನೂ ಕೂರಿಸಿದರು. ನನಗೆ ಬಂದದ್ದು ನಾಲ್ಕು.

ನೀವೂ ಮನೆಯಲ್ಲಿ ಹೀಗೆಯೇ ಮಾಡಿ. ಬೇರೆ ಬೇರೆ ಡ್ಯಾಕ್‌ಗಳನ್ನು ಹೋಲಿಸುವುದಾದರೆ ಎರಡರ ಸದ್ದಿನ ಮಟ್ಟವನ್ನು ಮೊದಲು ಅಳೆದು ಸಮ ಮಾಡಬೇಕು. ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ‘ಮೇಲು’ ಎನಿಸುತ್ತದೆ. ಕಂಪ್ಯೂಟರಿನಲ್ಲಿ ಎರಡು ಕಡತಗಳನ್ನು ಹೋಲಿಸಲು ಫೂಬಾರ್2000 ಎಂಬ ಉಚಿತ ಪ್ಲೇಯರಿನಲ್ಲಿ ಯಾವುದು ಯಾವುದೆಂದು ತಿಳಿಸದೆ ಕೇಳಿಸುವ ಎಬಿಎಕ್ಸ್ ಎಂಬ ಸೌಲಭ್ಯ ಸೇರಿಸಿಕೊಳ್ಳಬಹುದು.

ನಿಜವಾಗಿ ಸದ್ದನ್ನು ಬದಲಿಸುವ ಸಂಗತಿಗಳು

ಮೊದಲಿಗೆ ಅರ್ತ್. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದರೆ ವಿದ್ಯುತ್ತನ್ನು ಸುಲಭವಾಗಿ ಒಳಗೆಳೆದುಕೊಳ್ಳುವುದಿಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಅರ್ತ್ ಗುಂಡಿ ಮನೆ ಕಟ್ಟಿದಾಗ ತೋಡಿದ್ದು, ಆಮೇಲೆ ಯಾರೂ ಅತ್ತ ನೋಡಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿಯಾದರೆ ಬೇಸಗೆಯಲ್ಲಿ ಅದಕ್ಕೆ ನೀರು ಬೇಕು. ಬಲ್ಲ ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಅಳತೆ ಮಾಡಿಸಿ. ಇದು ಸದ್ದಿಗಿಂತ ಮೊದಲು ಜೀವದ ವಿಷಯ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಕಿತ್ತುಹಾಕಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಎಂದೂ ಹಾಗೆ ಮಾಡಬೇಡಿ; ಆಂಪ್ಲಿಫೈಯರಿನೊಳಗೆ ಒಂದು ತಂತಿ ಕಳಚಿದರೆ ಅದರ ಮೈಯೆಲ್ಲ 230 ವೋಲ್ಟ್ ಆಗುತ್ತದೆ. ಅದರ ಬದಲು ಆಂಪ್ಲಿಫೈಯರ್, ಡ್ಯಾಕ್, ಲ್ಯಾಪ್‌ಟಾಪ್ ಮೂರಕ್ಕೂ ಒಂದೇ ಪ್ಲಗ್ಗಿನಿಂದ ಹೊರಟ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟು ಕೊಡಿ. ನೂರಕ್ಕೆ ಐವತ್ತು ತೊಂದರೆ ಅಲ್ಲಿಯೇ ತೀರುತ್ತದೆ ಎಂಬುದು ನನ್ನ ಅನುಭವದ ಅಂದಾಜು.

ಇನ್ವರ್ಟರ್ ಇನ್ನೊಂದು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸಂಗೀತ ಕೇಳಿದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೇ ಗೊರಗುಡುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಇಲ್ಲ.

ಕಂಪ್ಯೂಟರಿನ ಒಳಗೆ ಸಂಖ್ಯೆಗಳು ಬದಲಾಗುವುದು ತಂತಿಯಲ್ಲಿ ಅಲ್ಲ, ತಂತ್ರಾಂಶದಲ್ಲಿ. ವಿಂಡೋಸ್ ಸಾಮಾನ್ಯ ಕ್ರಮದಲ್ಲಿ ಎಲ್ಲ ಸದ್ದನ್ನೂ ಒಂದೇ ದರಕ್ಕೆ ಪರಿವರ್ತಿಸಿ ಕಳುಹಿಸುತ್ತದೆ. ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಆಯ್ಕೆ ಕೊಟ್ಟರೆ ಇದ್ದದ್ದನ್ನು ಇದ್ದ ಹಾಗೆ ಕಳುಹಿಸುತ್ತದೆ. ‘ಸೌಂಡ್ ಎನ್‌ಹಾನ್ಸ್‌ಮೆಂಟ್’ ಎಂದು ಗುರುತು ಹಾಕಿದ್ದರೆ ತೆಗೆಯಿರಿ. ಯೂಟ್ಯೂಬಿನಲ್ಲಿ ಬರುವ ಯಕ್ಷಗಾನದ ಸದ್ದು ಹಿಂಡಿ ಸಣ್ಣದು ಮಾಡಿದ ಸದ್ದು. ಅದಕ್ಕೂ ಮೊದಲು ಆಟದ ಬಯಲಿನಲ್ಲಿ ಮೊಬೈಲಿನಿಂದ ಹಿಡಿದದ್ದಾದರೆ, ಡ್ಯಾಕಿನ ಹಿಂದೆ ಎಷ್ಟೇ ಸಾವಿರದ ಪೆಟ್ಟಿಗೆ ಸಾಲಾಗಿ ನಿಲ್ಲಿಸಿದರೂ ಭಾಗವತರು ಹತ್ತಿರ ಬರುವುದಿಲ್ಲ.

ಮತ್ತೆ ಕೋಣೆ. ಗಾರೆ ಮಾಡಿದ ಗೋಡೆ, ನುಣುಪಾದ ನೆಲ, ಬರಿದಾದ ಕಿಟಕಿಗಳ ಕೋಣೆಯಲ್ಲಿ ಕೈ ತಟ್ಟಿ ನೋಡಿ. ಸದ್ದು ಝಣ್ ಎಂದು ಉಳಿಯುತ್ತದೆ. ಚೆಂಡೆಯ ಪೆಟ್ಟುಗಳು ಒಂದರೊಳಗೊಂದು ಸೇರಿಹೋಗುವುದು ಅದರಿಂದ. ದಪ್ಪ ಜಮಖಾನೆ, ಪುಸ್ತಕದ ಕಪಾಟು, ಬಟ್ಟೆಯ ಪರದೆ ಹಾಕಿ, ಸ್ಪೀಕರನ್ನು ಗೋಡೆಯ ಮೂಲೆಯಿಂದ ಎರಡು ಅಡಿ ಮುಂದೆ ತನ್ನಿ. ಭಾವನ ಮನೆಯಲ್ಲಿ ಹೀಗೆ ಮಾಡಿದ ಮೇಲೆ ಉರುಳಿಕೆ ನಿಜಕ್ಕೂ ಬಿಡಿ ಬಿಡಿಯಾಗಿ ಕೇಳಿತು. ಅದಕ್ಕೆ ಬೆನ್ನು ತಿರುಗಿಸಿ ಕೂರುವ ಪರೀಕ್ಷೆ ಬೇಕಾಗಲಿಲ್ಲ; ಅಡುಗೆಮನೆಯಿಂದ ಅಕ್ಕ ಬಂದು ಏನು ಬದಲಿಸಿದಿರಿ ಎಂದು ಕೇಳಿದಳು.

ಕ್ಯಾಸೆಟ್ ಡಿಜಿಟಲ್ ಮಾಡುವವರಿಗೆ

ಕೇಳುವುದಕ್ಕಲ್ಲ, ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ ಕೂತಿದ್ದೀರಾದರೆ ನನ್ನ ಸಲಹೆ ಬದಲಾಗುತ್ತದೆ. ಕೇಳುವಾಗಿನ ಗುಂಯ್ ನಾಳೆ ಸರಿಪಡಿಸಬಹುದು. ಮುದ್ರಣದೊಳಗೆ ಸೇರಿದ ಗುಂಯ್ ಶಾಶ್ವತ. ಡೆಕ್ಕಿನಿಂದ ಬರುವ ಸಿಗ್ನಲ್ ಸಣ್ಣದು, ಅದನ್ನು ಹಿಗ್ಗಿಸುವಾಗ ಸೋರಿಕೆಯೂ ಹಿಗ್ಗುತ್ತದೆ. ಇಲ್ಲಿ ಐಸೊಲೇಟರಿಗೆ ಕೊಟ್ಟ ಹಣ ವ್ಯರ್ಥವಲ್ಲ. ಅದಿಲ್ಲದಿದ್ದರೆ ಚಾರ್ಜರ್ ಕಿತ್ತು, ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಒಂದೊಂದು ಬದಿ ಮುಗಿಸಿ. ತೋಟದ ಪಂಪು ಶುರುವಾಗುವಾಗ ಮುದ್ರಣದಲ್ಲಿ ಟಪ್ ಎಂದು ಬೀಳುತ್ತದೆ. ಪಂಪು ನಿಲ್ಲಿಸುವ ಹೊತ್ತು ನೋಡಿಕೊಂಡು ಕೂರಿ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿ ಕಂದಾಗುವುದು ನಿಂತಾಗ ಸಾಕು. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸಣ್ಣ ತಿರುಪೊಂದಿದೆ, ಅಜಿಮತ್, ಅಂದರೆ ಟೇಪಿಗೆ ಹೆಡ್ಡು ನಿಲ್ಲುವ ಓರೆ, ಹೊಂದಿಸುವುದಕ್ಕೆ. ಟೇಪು ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಚಕ್ರತಾಳದ ಲೋಹದ ನಾದ ಒಮ್ಮೆಲೇ ಬೆಳಗುತ್ತದೆ. ಮಂಜು ಕವಿದ ಕನ್ನಡಕ ಒರೆಸಿದ ಹಾಗೆ. ಮೇಲೆ ಹೇಳಿದ ಯಾವ ಪೆಟ್ಟಿಗೆಯೂ ಅಷ್ಟು ದೊಡ್ಡ ಬದಲಾವಣೆ ಕೊಡುವುದನ್ನು ನಾನು ಕೇಳಿಲ್ಲ. ಕ್ಯಾಸೆಟ್ಟುಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಹಿಡಿದಿರುತ್ತಾರೆ, ಹಾಗಾಗಿ ಪ್ರತಿಯೊಂದಕ್ಕೂ ತಿರುಪನ್ನು ಹೊಸದಾಗಿ ಹೊಂದಿಸಬೇಕು.

ತಂದೆಯವರ ಪೆಟ್ಟಿಗೆಯಲ್ಲಿ ಹದಿನೇಳು ಕ್ಯಾಸೆಟ್‌ಗಳಿದ್ದವು. ಹನ್ನೊಂದು ಮುಗಿದಿವೆ. ಉಳಿದ ಆರರಲ್ಲಿ ಎರಡರ ಟೇಪಿನ ಅಂಚಿಗೆ ಬೂಷ್ಟು ಹಿಡಿಯತೊಡಗಿದೆ. ಅವನ್ನು ಜೂನ್ ತಿಂಗಳ ಮಳೆ ಹಿಡಿಯುವ ಮೊದಲೇ ಇಳಿಸಬೇಕು.